ಒಂದು ತಾಸು ಇಪ್ಪತ್ತೈದು ನಿಮಿಷದ ದಾರಿ

ಫ್ರಾಂಕ್‌ಫರ್ಟ್‌ನಿಂದ ಕೋಪನ್‌ಹೇಗನ್‌ಗೆ ಎಷ್ಟು ದೂರ ಎಂದು ನಾನು ಮೊದಲು ಹುಡುಕಿದ್ದು ಜೂನ್ ತಿಂಗಳ ಒಂದು ಗುರುವಾರ ಮಧ್ಯಾಹ್ನ, ದೇವರ ಹಿಪ್ಪರಗಿ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು. ಮೊಬೈಲಿನಲ್ಲಿ ಒಂದು ಪುಟ 672 ಕಿಲೋಮೀಟರ್ ಎಂದಿತು, ಇನ್ನೊಂದು 680 ಎಂದಿತು. ನಡುವಿನ ಎಂಟು ಕಿಲೋಮೀಟರ್ ಎಲ್ಲಿ ಹೋಯಿತೆಂದು ನನಗೆ ಸಮಾಧಾನವಾಗಲಿಲ್ಲ. ಸಿಂದಗಿ ಬಸ್ಸು ಬರುವುದರೊಳಗೆ ತಿಳಿಯಿತು: ಒಂದು ಪುಟ ಊರಿನ ನಡುವಿನಿಂದ ಊರಿನ ನಡುವಿಗೆ ಅಳೆದಿತ್ತು, ಇನ್ನೊಂದು ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ. ಹಾರಾಟದ ಸಮಯ ಒಂದು ತಾಸು ಇಪ್ಪತ್ತೈದು ನಿಮಿಷ. ದಿನಕ್ಕೆ ಐದಾರು ವಿಮಾನ. ಎಲ್ಲವನ್ನೂ ದಿನಚರಿಯಲ್ಲಿ ಬರೆದುಕೊಂಡೆ.

ಆ ದಾರಿಯಲ್ಲಿ ಬರಬೇಕಾಗಿದ್ದುದು ಅಕ್ಕನ ಸೈಕಲ್ಲು. ಅಕ್ಕ ಕೋಪನ್‌ಹೇಗನ್ ಮುಟ್ಟಿದ್ದಳು. ಸೈಕಲ್ಲಿನ ಪೆಟ್ಟಿಗೆ ನಡುವೆ ವಿಮಾನ ಬದಲಿಸುವ ಫ್ರಾಂಕ್‌ಫರ್ಟ್‌ನಲ್ಲಿ ಉಳಿದುಬಿಟ್ಟಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ನಮ್ಮಲ್ಲಿ ಸಂಜೆ ಐದೂವರೆಗೆ, ಅಕ್ಕನ ಸ್ಪರ್ಧೆ.

ನಮ್ಮದು ಕುರಿ ಸಾಕುವ ಮನೆ. ಹಿಪ್ಪರಗಿಯಿಂದ ಒಳಕ್ಕೆ ಒಂದು ಹಳ್ಳಿ. ಅಪ್ಪ ವರ್ಷದ ಅರ್ಧ ಕುರಿಗಳ ಹಿಂದೆ ಇರುತ್ತಾನೆ. ಬೇಸಿಗೆಯಲ್ಲಿ ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಗೊಬ್ಬರಕ್ಕೆಂದು ಮಂದೆ ಕೂರಿಸುತ್ತಾನೆ, ಆಮೇಲೆ ಬಾಗೇವಾಡಿ ದಾಟಿ ನಿಡಗುಂದಿ, ಮುದ್ದೇಬಿಹಾಳದ ಹೊಳೆದಂಡೆಗೆ ಇಳಿಯುತ್ತಾನೆ. ಮನೆಯಲ್ಲಿ ಅಜ್ಜ, ಅವ್ವ, ನಾನು. ಅಕ್ಕ ಹೈಸ್ಕೂಲಿಗೆ ಹಿಪ್ಪರಗಿಗೆ ಹಳೆಯ ಕಬ್ಬಿಣದ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದಳು. ಎದುರುಗಾಳಿಯಲ್ಲಿ ಒಂದು ದಿನ ಬಸ್ಸಿನ ಪಕ್ಕಕ್ಕೇ ಬಹಳ ಹೊತ್ತು ತುಳಿದಿದ್ದನ್ನು ಆ ಬಸ್ಸಿನಲ್ಲಿ ಕುಳಿತಿದ್ದ ಒಬ್ಬರು ನೋಡಿದರು. ಅವರು ವಿಜಯಪುರದಲ್ಲಿ ಹುಡುಗ ಹುಡುಗಿಯರಿಗೆ ಸೈಕಲ್ ಸ್ಪರ್ಧೆ ಕಲಿಸುವವರು. ನಾವು ಅವರನ್ನು ಸರ್ ಎನ್ನುತ್ತೇವೆ. ಅಂದಿನಿಂದ ಅಕ್ಕನ ಜೀವನ ರಸ್ತೆಯ ಮೇಲೆಯೇ.

ನಾನು ಅವಳ ಲೆಕ್ಕದವಳು. ಯಾರೂ ಹೇಳಿದ್ದಲ್ಲ, ನನಗೆ ಚಟ. ಇವತ್ತು ಸಿಂದಗಿ ಹೋಗಿ ಬಂದಳು, ಇವತ್ತು ಇಂಡಿ ರಸ್ತೆ, ಇವತ್ತು ಬಾಗೇವಾಡಿ ದಾಟಿ ಮುದ್ದೇಬಿಹಾಳದ ತನಕ, ಇವತ್ತು ಗಾಳಿ, ಇವತ್ತು ಪಂಕ್ಚರ್ ಎಂದು ಬರೆಯುತ್ತ ಬಂದು ಆರು ದಿನಚರಿಗಳಾಗಿವೆ. ಮೊದಲ ದಿನಚರಿಯ ಕಿಲೋಮೀಟರ್ ಕೂಡಿಸಿದಾಗ ಅಕ್ಕ ನಕ್ಕು, "ಏ ಹುಚ್ಚಿ, ಇಷ್ಟೊತ್ತಿಗೆ ನಾ ಕಾಶಿಗಿ ಹೋಗಿ ಬರ್ತಿದ್ನಿ" ಎಂದಿದ್ದಳು.

ಸೈಕಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಕ್ಕ ಗಿಡ್ಡಿ. ಅವಳ ಓರಗೆಯ ಸವಾರರಲ್ಲೆಲ್ಲ ಗಿಡ್ಡಿ. ಸರ್ ಅವಳ ಕಾಲು, ತೋಳು, ಬೆನ್ನು ಎಲ್ಲವನ್ನೂ ಟೇಪಿನಲ್ಲಿ ಅಳೆದು, ಎಲ್ಲಿಂದಲೋ ಅತಿ ಸಣ್ಣ ಚೌಕಟ್ಟಿನ ಸೈಕಲ್ಲು ತರಿಸಿ, ಸೀಟಿನ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿ ಅಲ್ಲೊಂದು ಕೆಂಪು ಗೆರೆ ಎಳೆದಿದ್ದರು. ಆ ಗೆರೆ ಸ್ವಲ್ಪ ಮೇಲೆ ಕೆಳಗೆ ಆದರೂ ಅವಳ ಮೊಣಕಾಲು ನೋಯುತ್ತಿತ್ತು. "ಬ್ಯಾರೆ ಸೈಕಲ್ಲ ಹತ್ತಬ್ಯಾಡ, ಮದವಿ ಮನ್ಯಾಗೂ ಹತ್ತಬ್ಯಾಡ" ಎಂದು ಸರ್ ಬೈಯುತ್ತಿದ್ದರು.

ಯುರೋಪಿಗೆ ಅವಳನ್ನು ಆರಿಸಿದ ಸುದ್ದಿ ಬಂದಾಗ ಅಪ್ಪ ಇಂಡಿ ಕಡೆ ಇದ್ದ. ಫೋನಿನಲ್ಲಿ ಸ್ವಲ್ಪ ಹೊತ್ತು ಕುರಿಗಳ ಸದ್ದು ಮಾತ್ರ ಕೇಳಿಸಿತು. ಆಮೇಲೆ "ಅಲ್ಲಿ ಚಳಿ ಇರ್ತದ, ಕಂಬಳಿ ಕೊಟ್ಟು ಕಳಸ್ರಿ" ಎಂದ. ಅಲ್ಲಿ ಮೊದಲ ನಲವತ್ತರೊಳಗೆ ಬಂದವರಿಗೆ ಅಲ್ಲಿಯೇ ಉಳಿದು ಮುಂದಿನ ಎರಡು ಸ್ಪರ್ಧೆಗಳಲ್ಲಿ ಭಾಗವಹಿಸುವ ಅವಕಾಶವಿತ್ತು. ನಲವತ್ತರೊಳಗೆ ಬರುತ್ತಾಳೆಂದು ಸರ್‌ಗೆ ಖಾತ್ರಿಯಿತ್ತು. ಅಕ್ಕನಿಗೂ ಇತ್ತು, ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಸರ್ ನಮ್ಮ ಮನೆಗೇ ಬಂದು ಸೈಕಲ್ಲು ಬಿಚ್ಚಿ ಪೆಟ್ಟಿಗೆಗೆ ತುಂಬಿದರು. ಗಾಲಿ ತೆಗೆದು, ಹ್ಯಾಂಡಲ್ ತಿರುಗಿಸಿ, ಸೀಟು ಕಳಚಿ ಬಟ್ಟೆ ಸುತ್ತಿದರು. ಇಪ್ಪತ್ತಮೂರು ಕಿಲೋ ದಾಟಬಾರದೆಂದು ಉಣ್ಣೆ ತೂಗುವ ನಮ್ಮ ತಕ್ಕಡಿಗೆ ಪೆಟ್ಟಿಗೆಯನ್ನು ನೇತುಹಾಕಿ ತೂಗಿದೆವು. ಅವ್ವ ಪಕ್ಕದಲ್ಲಿ ಶೇಂಗಾ ಚಟ್ನಿಯ ಡಬ್ಬಿ ಹಿಡಿದು ನಿಂತಿದ್ದಳು.

"ಸರಾ, ಇದೊಂದ ಸಣ್ಣ ಡಬ್ಬಿ ಇಡ್ರಿ."

"ಯವ್ವಾ, ಇದು ಸೈಕಲ್ಲಿನ ಪೆಟಗಿ ಐತಿ, ಬುತ್ತಿ ಗಂಟಲ್ಲ. ಒಂದ ಕಾಳು ಹೊರಗಿಂದು ಇರಬಾರದು ಇದರಾಗ."

ಆ ಮಾತು ಅಜ್ಜನಿಗೂ ಕೇಳಿಸಿತ್ತು. ಕಟ್ಟೆಯ ಮೇಲೆ ಕುಳಿತು ತಲೆ ಆಡಿಸುತ್ತಿದ್ದ. ಆಮೇಲೆ ಸರ್ ಕೈ ತೊಳೆದು ಒಳಗೆ ಊಟಕ್ಕೆ ಕುಳಿತರು, ನಾವೆಲ್ಲ ಬಡಿಸುವುದರಲ್ಲಿದ್ದೆವು. ಅಂಗಳದಲ್ಲಿ ಅಜ್ಜ ಮತ್ತು ತೆರೆದ ಪೆಟ್ಟಿಗೆ ಮಾತ್ರ.

ಗುರುವಾರ ಬಸ್ ನಿಲ್ದಾಣದಲ್ಲಿ ದೂರದ ಲೆಕ್ಕ ಮುಗಿಸಿ ಸಿಂದಗಿಯ ಕಾಲೇಜಿಗೆ ಹೊರಟವಳಿಗೆ ಬಸ್ಸಿನಲ್ಲಿಯೇ ಅಕ್ಕನಿಂದ ಒಂದು ಫೋಟೋ ಬಂತು. ಬಿಳಿ ಟ್ರೇ. ಅದರಲ್ಲಿ ಒಂದು ಬಟ್ಟೆಯ ತುಂಡು, ಬೆರಳುದ್ದದ ಗಂಟು ಬಿಚ್ಚಿದ್ದು. ಬಟ್ಟೆಯ ಮೇಲೆ ಹಳದಿ ಪುಡಿ. ಕೆಳಗೆ ಅಕ್ಕನ ಮಾತು: "ಹ್ಯಾಂಡಲ್ ಕೊಳವಿ ಒಳಗ ಸಿಕ್ಕೈತಂತ. ಇದೇನಂತ ಕೇಳಾಕತ್ತಾರ. ನನಗಂತೂ ಗೊತ್ತಾತು. ನಿನಗ ಗೊತ್ತಾತಿಲ್ಲೋ?"

ಗೊತ್ತಾಯಿತು. ಆ ಬಟ್ಟೆ ಅಜ್ಜನ ಹಳೆಯ ರುಮಾಲಿನ ಕೆಂಪು ಅಂಚು. ಪುಡಿ ಭಂಡಾರ, ನಮ್ಮ ದೇವರ ಅರಿಷಿಣ.

ಕುರಿ ಮಂದೆ ದೂರ ಹೊರಡುವ ದಿನ ಅಜ್ಜ ಮುಂದೆ ನಡೆಯುವ ಟಗರಿನ ಕೊರಳಿಗೆ ಭಂಡಾರದ ಸಣ್ಣ ಗಂಟು ಕಟ್ಟುತ್ತಾನೆ. ಗಂಟಿಲ್ಲದೆ ನಮ್ಮ ಮನೆಯ ಯಾವ ಜೀವವೂ ಊರ ಸೀಮೆ ದಾಟಿಲ್ಲ ಎಂಬುದು ಅವನ ಹೆಮ್ಮೆ. ಅಕ್ಕನ ಸೈಕಲ್ಲನ್ನೂ ಅವನು ಆ ಲೆಕ್ಕಕ್ಕೇ ಸೇರಿಸಿದ್ದ. ಹಿಂದೊಮ್ಮೆ ಬೇರೆ ರಾಜ್ಯದಲ್ಲಿ ನಡೆದ ಸ್ಪರ್ಧೆಗೆ ಹ್ಯಾಂಡಲ್‌ಗೆ ಗಂಟು ಕಟ್ಟಿ ಕಳಿಸಿದ್ದ. ಅಲ್ಲಿಯ ಅಧಿಕಾರಿಯೊಬ್ಬರು ಓಟಕ್ಕೆ ಮುಂಚೆ ಕತ್ತರಿಯಿಂದ ಅದನ್ನು ತೆಗೆದುಹಾಕಿದ್ದರು. ಅಕ್ಕ ಮನೆಗೆ ಬಂದು ಅದನ್ನು ನಗುತ್ತ ಹೇಳಿದಾಗ ಅಜ್ಜ ನಗಲಿಲ್ಲ. ಈ ಸಲ ಯಾರೂ ಕತ್ತರಿಸಲಾಗದ ಜಾಗ ಹುಡುಕಿದ್ದ. ಹ್ಯಾಂಡಲಿನ ತುದಿಯ ಬೂಚು ಕಿತ್ತು, ಕೊಳವೆಯೊಳಗೆ ಗಂಟು ತಳ್ಳಿ, ಮತ್ತೆ ಬೂಚು ಹಾಕಿಬಿಟ್ಟಿದ್ದ. ಅಕ್ಕ ವಿಮಾನ ಹತ್ತಿದ ಮುಂಬೈಯಲ್ಲಿ ಯಾರಿಗೂ ಕಾಣದ್ದು ಫ್ರಾಂಕ್‌ಫರ್ಟ್‌ನ ಯಂತ್ರಕ್ಕೆ ಕಂಡಿತ್ತು.

ನಾನು ಕಾಲೇಜಿಗೆ ಹೋಗಲಿಲ್ಲ. ಸಿಂದಗಿಯಲ್ಲಿ ಇಳಿದು ಎದುರಿನ ಬಸ್ಸು ಹತ್ತಿ ಮರಳಿ ಬಂದೆ. ಅಜ್ಜ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಿದ್ದ.

"ಅಜ್ಜಾ, ಅಕ್ಕನ ಸೈಕಲ್ಲಿಗಿ ಭಂಡಾರ ಹಚ್ಚಿದ್ದಿಲ್ಲೋ?" ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ.

"ಹಚ್ಚೂದೇನು, ಹೊಟ್ಟ್ಯಾಗ ಇಟ್ಟೇನಿ" ಎಂದ. ಮುಖ ಅರಳಿತ್ತು. "ನಿಮ್ಮ ಸರಗ ಹೇಳಬ್ಯಾಡ ಮತ್ತ. ಅಂವ ಒಂದ ಕಾಳೂ ಬ್ಯಾಡ ಅಂದಾನ. ಇದು ಕಾಳಲ್ಲ."

ಅವ್ವ ಒಳಗಿನಿಂದ ಕೇಳಿಸಿಕೊಂಡಳು. ನನ್ನನ್ನು ಅಡಿಗೆಮನೆಗೆ ಕರೆದು ಫೋಟೋ ನೋಡಿದಳು. ರುಮಾಲಿನ ಅಂಚನ್ನು ಗಾಜಿನ ಮೇಲೆ ಬೆರಳಿನಿಂದ ಸವರಿದಳು.

"ಅಜ್ಜಗ ಹೇಳಬ್ಯಾಡ. ಹೇಳಿದ್ರ ಉಣ್ಣೂದ ಬಿಡ್ತಾರ."

"ಸೈಕಲ್ಲ ಬರಲಿಲ್ಲಂದ್ರ?"

"ಹೇಳಿದ್ರ ಬರ್ತದೇನು?"

ಅಜ್ಜನಿಗೆ ಕೇಳಿಸದಂತೆ ಮೊಬೈಲು ಹಿಡಿದು ಹಿತ್ತಲಿಗೆ ಹೋದೆ.

ಸರ್‌ಗೆ ಹೇಳಲೇಬೇಕಾಗಿತ್ತು. ಫೋನಿನಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಪುಡಿ ಏನೆಂದು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದು ಮೇಲ್ ಮಾಡು, ಅಲ್ಲಿಯ ತಂಡದ ಮ್ಯಾನೇಜರ್ ಅದನ್ನು ಮುಂದಕ್ಕೆ ಕಳಿಸುತ್ತಾರೆ ಎಂದರು. ನಾನು ಬರೆದು ಓದಿ ತೋರಿಸಿದೆ. ದೇವರ ಪ್ರಸಾದ, ಪ್ರಯಾಣದ ರಕ್ಷಣೆಗೆ ಕಟ್ಟುವುದು, ಕುರಿ ಕಾಯುವವರ ಪದ್ಧತಿ ಎಂದೆಲ್ಲ ಇತ್ತು.

"ಏ ತಂಗಿ, ಇದೇನ ಪುರಾಣ ಬರದೀದಿ? ಅರಿಷಿಣ ಅಂತಷ್ಟ ಬರಿ. ಅಡಿಗಿ ಅರಿಷಿಣ. ದೇವರು ಗೀವರು ಅಂತ ಬರದಿ ಅಂದ್ರ, ಅಡಿಗಿದು ಅಲ್ಲಂತ ತಿಳದು ಇನ್ನಾ ಎರಡ ದಿನ ಪರೀಕ್ಷಾ ಮಾಡ್ತಾರ."

"ಅಡಿಗಿ ಅರಿಷಿಣ ಹ್ಯಾಂಡಲ್ ಒಳಗ ಯಾಕಿತ್ತು ಅಂತ ಕೇಳಿದ್ರ?"

ಕೊನೆಗೆ ಎರಡನ್ನೂ ಬರೆದೆವು. ಅರಿಷಿಣ, ಅಡಿಗೆಗೂ ಬಳಸುವಂಥದ್ದು, ವಯಸ್ಸಾದವರೊಬ್ಬರು ಶುಭಕ್ಕೆಂದು ಇಟ್ಟದ್ದು. ಕಳಿಸಿದೆ. ನಿಮ್ಮ ಮೇಲ್ ತಲುಪಿದೆ ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅದನ್ನು ಯಂತ್ರ ಕಳಿಸಿತ್ತು.

ಶುಕ್ರವಾರ ಇಡೀ ದಿನ ನಾನು ಲೆಕ್ಕ ಹಾಕಿದೆ. ಮಧ್ಯಾಹ್ನದ ವಿಮಾನಕ್ಕೆ ಹಾಕಿದರೆ ಸಂಜೆಗೆ ಮುಟ್ಟುತ್ತದೆ, ರಾತ್ರಿ ಜೋಡಿಸಬಹುದು. ಸಂಜೆಯ ವಿಮಾನಕ್ಕೆ ಹಾಕಿದರೂ ಸಾಕು. ಶನಿವಾರ ಬೆಳಗಿನ ಮೊದಲನೆಯದಕ್ಕೆ ಹಾಕಿದರೂ ಸಾಕು, ಕೋಪನ್‌ಹೇಗನ್‌ನಿಂದ ಸ್ಪರ್ಧೆಯ ಊರಿಗೆ ಕಾರಿನಲ್ಲಿ ಒಂದು ತಾಸು. ಒಂದೊಂದು ವಿಮಾನ ಹೊರಟ ಹಾಗೆ ಅದರ ಸಾಲನ್ನು ಹೊಡೆದುಹಾಕಿದೆ. ವಿಮಾನ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿದೆ. ಒಂದು ಹೆಣ್ಣುದನಿ ಒಂದನ್ನು ಒತ್ತಿ ಎರಡನ್ನು ಒತ್ತಿ ಎಂದು ಹೇಳುತ್ತ ಹೋಯಿತು. ಕೊನೆಗೆ ಒಬ್ಬ ಮನುಷ್ಯ ಸಿಕ್ಕ. ಮರ್ಯಾದೆಯಿಂದಲೇ ಮಾತಾಡಿದ. ಪ್ರಯಾಣಿಕರು ನೀವೇ ಏನು ಎಂದ. ಅಲ್ಲ, ಅವರ ತಂಗಿ ಎಂದೆ. ಪ್ರಯಾಣಿಕರಿಗೆ ಮಾತ್ರ ಹೇಳಬಹುದು ಎಂದ. ಪ್ರಯಾಣಿಕಳು ಅಲ್ಲಿ ಹೋಟೆಲಿನ ಕೋಣೆಯಲ್ಲಿ ಕುಳಿತು ಅದೇ ಸಂಖ್ಯೆಗೆ ಫೋನ್ ಮಾಡುತ್ತಿದ್ದಳು.

ಅಪ್ಪ ಆಗ ನಿಡಗುಂದಿ ಹತ್ತಿರ ಹಿನ್ನೀರಿನ ದಂಡೆಯಲ್ಲಿದ್ದ. ಸಿಗ್ನಲ್ ಸಿಕ್ಕಾಗಲೆಲ್ಲ ಫೋನ್ ಮಾಡುತ್ತಿದ್ದ.

"ಎಲ್ಲಿಗಿ ಬಂತು?"

"ಅಲ್ಲೇ ಐತಿ ಅಪ್ಪಾ."

"ಎಷ್ಟ ದೂರದ ಹಾದಿ?"

"ಆರನೂರಾ ಎಂಬತ್ತ ಕಿಲೋಮೀಟರ. ವಿಮಾನದಾಗ ಒಂದ ತಾಸ ಇಪ್ಪತ್ತೈದ ನಿಮಿಷ."

ಅಪ್ಪ ಯೋಚಿಸಿದ. "ನಾ ಕುರಿ ಹೊಡಕೊಂಡು ಇಂಡಿಯಿಂದ ಇಲ್ಲಿಗಿ ಬರಾಕ ಹದಿನೈದ ದಿನ ಹಿಡೀತು. ಮಳಿ ಹತ್ತಿತ್ತು. ಆದ್ರ ಬಂದ್ನಲ್ಲ" ಎಂದ. ಸಮಾಧಾನಕ್ಕೆ ಹೇಳಿದ್ದೆಂದು ಗೊತ್ತಿತ್ತು.

ಅಜ್ಜನಿಗೆ ಸೈಕಲ್ಲು ಹಿಂದುಳಿದದ್ದನ್ನು ಮುಚ್ಚಿಡಲು ಆಗಲಿಲ್ಲ, ಕಾರಣವನ್ನು ಮಾತ್ರ ಮುಚ್ಚಿಟ್ಟೆವು. ವಿಮಾನ ಬದಲಿಸುವಾಗ ತಪ್ಪಿಸಿಕೊಂಡಿದೆ ಎಂದೆವು. ಅಜ್ಜ ಗಾಬರಿಯಾಗಲಿಲ್ಲ. ಮಂದೆಯಿಂದ ತಪ್ಪಿಸಿಕೊಂಡ ಕುರಿಯ ಬಗ್ಗೆ ಹೇಳುವ ಹಾಗೆ ಹೇಳಿದ: "ಬರ್ತದ. ಅದರ ಹೊಟ್ಟ್ಯಾಗ ಭಂಡಾರ ಐತಿ."

ಅವ್ವ ಎದ್ದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಮ್ಯಾನೇಜರ್‌ಗೆ ಸುದ್ದಿ ಬಂತು. ಪುಡಿ ಅರಿಷಿಣವೇ. ಪೆಟ್ಟಿಗೆ ಬಿಟ್ಟಿದ್ದಾರೆ, ಮುಂದಿನ ವಿಮಾನಕ್ಕೆ ಹಾಕುತ್ತಾರೆ. ಅಕ್ಕ ಧ್ವನಿ ಸಂದೇಶ ಕಳಿಸಿದಳು, ಮಾತು ಉಸಿರಿಗಿಂತ ಮುಂದೆ ಓಡುತ್ತಿತ್ತು. ವಿಮಾನ ಎಲ್ಲಿದೆಯೆಂದು ತೋರಿಸುವ ನಕ್ಷೆಯನ್ನು ನಾನು ಮೊಬೈಲಿನಲ್ಲಿ ತೆರೆದೆ. ಫ್ರಾಂಕ್‌ಫರ್ಟ್‌ನಿಂದ ಒಂದು ಹಳದಿ ವಿಮಾನ ಎದ್ದಿತು. ಮೊಬೈಲನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿ ನಾವು ಮೂವರೂ ಸುತ್ತ ಕುಳಿತೆವು. ವಿಮಾನ ನೆಲ ದಾಟಿ ನೀಲಿಯ ಮೇಲೆ ಬಂತು.

"ಇದರಾಗ ಐತೇನು?" ಎಂದ ಅಜ್ಜ.

"ಇರ್ಬೇಕು ಅಜ್ಜಾ."

"ನೀರ ಮ್ಯಾಲಿಂದ ಬರಾಕತ್ತೇತಲ್ಲ" ಎಂದು ಕೈ ಮುಗಿದ.

ನನ್ನ ಲೆಕ್ಕ ಅಷ್ಟು ಸರಿಯಾಗಿ ಹಿಂದೆಂದೂ ಕೂಡಿ ಬಂದಿರಲಿಲ್ಲ. ವಿಮಾನ ಹೇಳಿದ ಹೊತ್ತಿಗಿಂತ ಎರಡು ನಿಮಿಷ ಮುಂಚೆಯೇ ಇಳಿಯಿತು. ಓಟಕ್ಕೆ ಇನ್ನೂ ಮೂರು ತಾಸಿಗಿಂತ ಹೆಚ್ಚು ಇತ್ತು. ಮ್ಯಾನೇಜರ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ದೊಡ್ಡ ಸಾಮಾನು ಬರುವ ಬಾಗಿಲಿನಿಂದ ಮಕ್ಕಳ ತಳ್ಳುಗಾಡಿಗಳು ಬಂದವು, ಒಂದು ದೊಡ್ಡ ವಾದ್ಯದ ಪೆಟ್ಟಿಗೆ ಬಂತು, ಆಮೇಲೆ ಬಾಗಿಲು ಮುಚ್ಚಿತು. ಸೈಕಲ್ಲು ಅದರಲ್ಲಿ ಇರಲಿಲ್ಲ. ವಿಮಾನದ ಹೊಟ್ಟೆಯಲ್ಲಿ ಜಾಗವಿಲ್ಲವೆಂದು ಅದನ್ನು ಮುಂದಿನದಕ್ಕೆ ಬಿಟ್ಟಿದ್ದರು. ಮುಂದಿನದು ಹೊರಡುವುದೇ ಓಟ ಶುರುವಾಗುವ ಹೊತ್ತಿಗೆ.

ಅಕ್ಕ ಫೋನ್ ಮಾಡಿದಳು. ಅಳುತ್ತಿರಲಿಲ್ಲ. ಬೇರೆ ತಂಡದ ಹುಡುಗಿಯೊಬ್ಬಳು ತನ್ನ ಎರಡನೇ ಸೈಕಲ್ಲು ಕೊಟ್ಟಿದ್ದಾಳೆ ಎಂದಳು.

"ಸೀಟ ಪೂರ್ತಿ ಇಳಿಸಿದ್ರೂ ಮ್ಯಾಲೇ ಐತಿ. ಹ್ಯಾಂಡಲ್ ದೂರ. ಕುದರಿ ಮ್ಯಾಗ ಕುಂತ ಹಂಗ ಆಗೈತಿ ನೋಡ."

"ಮೊಣಕಾಲ?"

"ನೋಡೂನು." ಆಮೇಲೆ ಕೇಳಿದಳು. "ಅಜ್ಜಗ ಹೇಳೀದೇನು?"

"ಇಲ್ಲ."

"ಹೇಳಬ್ಯಾಡ. ಏನ್ ಆದ್ರೂ ಹೇಳಬ್ಯಾಡ."

ಓಟ ಏಳು ಸುತ್ತಿನದು. ಚಿತ್ರ ಬರುತ್ತಿರಲಿಲ್ಲ, ಒಂದು ಪುಟದಲ್ಲಿ ಸಂಖ್ಯೆಗಳು ಮಾತ್ರ ಮೇಲೆ ಕೆಳಗೆ ಸರಿಯುತ್ತಿದ್ದವು. ಮೊದಲ ಸುತ್ತಿನ ಕೊನೆಗೆ ಅಕ್ಕ ಮೂವತ್ತೆಂಟನೆಯವಳಾಗಿದ್ದಳು. ಅದನ್ನು ನೋಡಿ ನಾನು ಕೂಗಿಬಿಟ್ಟೆ, ಅವ್ವ ಒಲೆ ಬಿಟ್ಟು ಓಡಿಬಂದಳು. ಎರಡನೆಯದರಲ್ಲಿ ಅರವತ್ತರ ಆಚೆ. ಮೂರನೆಯದರಲ್ಲಿ ಅವಳ ಸಂಖ್ಯೆಯನ್ನು ಹುಡುಕಲು ಪುಟವನ್ನು ಬಹಳ ಕೆಳಗೆ ಎಳೆಯಬೇಕಾಯಿತು. ಅಷ್ಟು ಹಿಂದುಳಿದವರನ್ನು ಅಧಿಕಾರಿಗಳೇ ಪಕ್ಕಕ್ಕೆ ಕರೆದು ನಿಲ್ಲಿಸುತ್ತಾರೆ. ನಾಲ್ಕನೆಯ ಸುತ್ತಿನಲ್ಲಿ ಅವಳ ಹೆಸರಿನ ಮುಂದೆ ಅಂಕೆಯ ಬದಲು ಮೂರು ಇಂಗ್ಲಿಷ್ ಅಕ್ಷರ ಬಂದವು. ಮುಗಿಸಲಿಲ್ಲ ಎಂದು ಅರ್ಥ.

"ಏನಂತದು?" ಎಂದ ಅಜ್ಜ.

"ನಿಂತಳು ಅಜ್ಜಾ."

"ಯಾಕ ನಿಂತಳು?"

"ಮೊಣಕಾಲ ನೋವಾತು ಅನಸ್ತದ."

ಅಜ್ಜ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ನಾನು ಆ ಸಂಜೆಯ ಪುಟದಲ್ಲಿ ಏನು ಬರೆಯಬೇಕೆಂದು ತಿಳಿಯದೆ, ಅವಳು ಓಡಿಸಿದ ಕಿಲೋಮೀಟರ್ ಮಾತ್ರ ಬರೆದೆ. ಬೇರೆಯವರ ಸೈಕಲ್ಲಿನ ಮೇಲೆ ಓಡಿಸಿದ್ದನ್ನು ಒಟ್ಟು ಮೊತ್ತಕ್ಕೆ ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕೊನೆಗೆ ಸೇರಿಸಿದೆ.

ಸೈಕಲ್ಲು ಶನಿವಾರದ ಮುಂದಿನ ವಿಮಾನದಲ್ಲೂ ಬರದೆ ಭಾನುವಾರ ಕೋಪನ್‌ಹೇಗನ್ ಮುಟ್ಟಿತು. ಅಕ್ಕ ಪೆಟ್ಟಿಗೆ ಬಿಚ್ಚಲಿಲ್ಲ. ಸೋಮವಾರ ಅದೇ ದಾರಿಯಲ್ಲಿ ಅದರ ಜೊತೆ ಮರಳಿ ಹೊರಟಳು. ಬರುವಾಗ ಎಲ್ಲವೂ ಹೇಳಿದ ಹೊತ್ತಿಗೆ ಸರಿಯಾಗಿ ನಡೆಯಿತು.

ಮನೆಗೆ ಬಂದ ಮೇಲೆ ಪೆಟ್ಟಿಗೆ ಬಿಚ್ಚಿದೆವು. ಹ್ಯಾಂಡಲಿನ ಒಂದು ತುದಿಗೆ ಬೂಚು ಇರಲಿಲ್ಲ. ಅಕ್ಕ ನನ್ನ ಕಡೆ ನೋಡಿ ಅಜ್ಜ ನೋಡುವುದರೊಳಗೆ ಆ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಗಂಟು ಫ್ರಾಂಕ್‌ಫರ್ಟ್‌ನಲ್ಲಿಯೇ ಉಳಿದಿತ್ತು, ಪುಡಿಯ ಒಂದು ಹಳದಿ ಗೆರೆ ಮಾತ್ರ ಪೆಟ್ಟಿಗೆಯ ತಳದಲ್ಲಿತ್ತು. ಅಜ್ಜ ಆ ಗೆರೆಯನ್ನು ಬೆರಳಿಗೆ ತಾಕಿಸಿ ಅಕ್ಕನ ಹಣೆಗೆ ಹಚ್ಚಿದ.

ಮರುದಿನದಿಂದ ಅವನು ಊರ ಕಟ್ಟೆಯ ಮೇಲೆ ಎಲ್ಲರಿಗೂ ಹೇಳತೊಡಗಿದ. ನಾಲ್ಕು ದಿನ ಪರದೇಶದಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಸೈಕಲ್ಲು ದಾರಿ ಕೇಳಿಕೊಂಡು ಹುಡುಗಿಯ ಹತ್ತಿರ ಬಂತು ಎನ್ನುತ್ತಿದ್ದ. "ಭಂಡಾರ ಇತ್ತಂತ ಬಂತು. ಇಲ್ಲಂದ್ರ ಯಾರ ಮನಿ ಪಾಲಾಗತಿತ್ತೋ." ನೀರು ತರಲು ಹೋದಾಗ ನನಗೂ ಕೇಳಿಸುತ್ತಿತ್ತು. ಅಕ್ಕನಿಗೂ ಕೇಳಿಸುತ್ತಿತ್ತು, ಅವಳು ಸಿಂದಗಿ ರಸ್ತೆಗೆ ಹೊರಡುವುದು ಆ ಕಟ್ಟೆಯ ಮುಂದಿನಿಂದಲೇ. ಒಮ್ಮೆ ಯಾರೋ ಅವಳನ್ನೇ ನಿಲ್ಲಿಸಿ, "ಖರೇ ಏನವ್ವಾ?" ಎಂದು ಕೇಳಿದರು. "ಹೌದ್ರಿ" ಎಂದು ಪೆಡಲ್ ತುಳಿದಳು.

ಹೊರದೇಶದ ತಂಡಕ್ಕೆ ಅವಳನ್ನು ಮತ್ತೆ ಕರೆದಿಲ್ಲ. ಸರ್ ಮುಂದಿನ ವರ್ಷ ಎನ್ನುತ್ತಾರೆ. ಆದರೆ ಮೊನ್ನೆ ಬೇರೆ ರಾಜ್ಯದ ಒಂದು ಆಯ್ಕೆ ಸ್ಪರ್ಧೆಗೆ ಹೊರಟಳು. ಅದೇ ಪೆಟ್ಟಿಗೆ, ಅದೇ ಅಂಗಳ, ಹ್ಯಾಂಡಲಿನ ಒಂದು ತುದಿಗೆ ಮಾತ್ರ ಹೊಸ ಬೂಚು. ಈ ಸಲ ಸರ್ ಬಂದಿರಲಿಲ್ಲ, ಅಕ್ಕನೇ ತುಂಬುತ್ತಿದ್ದಳು. ಅಜ್ಜ ಮುಚ್ಚುಮರೆ ಮಾಡದೆ ಎದುರಿಗೇ ಬಂದು ಕುಳಿತ. ಕೈಯಲ್ಲಿ ರುಮಾಲಿನ ಕೆಂಪು ಅಂಚಿನ ಎರಡು ಗಂಟುಗಳಿದ್ದವು.

"ಆ ಊರಿಂದ ಆ ಊರಿಗಿ ಎಷ್ಟ ದೂರ ಅಂದಿದ್ದಿ?" ಎಂದು ನನ್ನನ್ನು ಕೇಳಿದ.

"ಒಂದ ತಾಸ ಇಪ್ಪತ್ತೈದ ನಿಮಿಷ ಅಜ್ಜಾ."

"ಅಷ್ಟ ಸಣ್ಣ ಹಾದಿಗಿ ನಾಕ ದಿನ ಹಿಡೀತಲ್ಲ. ಭಂಡಾರ ಕಮ್ಮಿ ಬಿದ್ದಿತ್ತು. ತಪ್ಪ ನಂದ. ಈ ಸಲ ಎರಡೂ ಕಡಿ ಇಡ್ತೇನಿ."

ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಕ್ಕ ಒಂದು ಗಳಿಗೆ ಹ್ಯಾಂಡಲ್ ನೋಡಿದಳು. ಆಮೇಲೆ ಅದನ್ನು ಅಜ್ಜನ ತೊಡೆಯ ಮೇಲೆ ಅಡ್ಡ ಇಟ್ಟು, ಅವನ ಬೆರಳಿಗೆ ಬಲ ಸಾಲದೆಂದು ಎರಡು ಬೂಚುಗಳನ್ನೂ ತಾನೇ ಕಿತ್ತು ಕೊಟ್ಟಳು.